ಸೊನ್ನೆಯ ತಾರೀಖು

ಆಫೀಸಿನಲ್ಲಿ ಅವಳನ್ನು ಎಲ್ಲರೂ ತಾರೀಖಕ್ಕ ಎಂದೇ ಕರೆಯುತ್ತಿದ್ದರು. ಮೊದಲು ಬೆನ್ನ ಹಿಂದೆ ಹುಟ್ಟಿಕೊಂಡ ಹೆಸರು. ಆಮೇಲೆ ಯಾರೋ ಧೈರ್ಯ ಮಾಡಿ ಎದುರಿಗೇ ಕರೆದರು, ಅವಳೂ ಓಗೊಟ್ಟಳು, ಅಲ್ಲಿಗೆ ಅದು ಕಾಯಂ ಆಯಿತು. ಪ್ರೋಗ್ರಾಮ್ ಬರೆಯುವವರಲ್ಲಿ ಹೆಚ್ಚಿನವರಿಗೆ ತಾರೀಖು, ವೇಳೆಗಳ ಕೆಲಸವೆಂದರೆ ತಲೆನೋವು. ಕಂಪ್ಯೂಟರಿಗೆ ಸೋಮವಾರವೂ ಗೊತ್ತಿಲ್ಲ, ಜೂನ್ ತಿಂಗಳೂ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ: ಸಾವಿರದ ಒಂಬೈನೂರ ಎಪ್ಪತ್ತನೇ ಇಸವಿಯ ಜನವರಿ ಒಂದರಿಂದ ಇಲ್ಲಿಯವರೆಗೆ ಎಷ್ಟು ಸೆಕೆಂಡು ಕಳೆದಿದೆ ಎಂಬ ಲೆಕ್ಕ. ಯಾವ ಗಳಿಗೆಯನ್ನು ಕೊಟ್ಟರೂ ಅದನ್ನೊಂದು ಉದ್ದನೆಯ ಅಂಕಿಯಾಗಿ ನುಂಗಿ ಇಟ್ಟುಕೊಳ್ಳುತ್ತದೆ. ಆ ಅಂಕಿಯನ್ನು ಬಿಡಿಸಿ ಮನುಷ್ಯರು ಓದುವಂಥ ದಿನ, ತಿಂಗಳು, ವರ್ಷ, ಗಂಟೆ ಮಾಡಿಕೊಡುವುದು ತಾರೀಖಕ್ಕನ ಕೆಲಸ. ಬೇರೆಯವರು ಮೂಗು ಮುರಿಯುತ್ತಿದ್ದ ಈ ಕೆಲಸ ಅವಳಿಗೆ ಹಿಡಿಸಿತ್ತು. ಇದರಲ್ಲಿ ಯಾರ ಜೊತೆಯೂ ಹೆಚ್ಚು ಮಾತಾಡಬೇಕಾಗಿರಲಿಲ್ಲ.

ಅವಳಿಗೆ ಐವತ್ತು ದಾಟಿತ್ತು. ಮದುವೆಯ ಮಾತು ಒಂದೆರಡು ಸಲ ಹೊಸಿಲವರೆಗೆ ಬಂದು ಹಾಗೇ ಹೊರಟುಹೋಗಿತ್ತು. ತಾಯಿ ಇರುವ ತನಕ ತಾಯಿಯ ಔಷಧಿ, ತಾಯಿಯ ಪಥ್ಯ, ತಾಯಿಯ ಮುನಿಸು ಎಂದು ದಿನ ಸರಿದಿತ್ತು. ತಾಯಿ ಹೋದ ಮೇಲೆ ಅಣ್ಣ ಬಂದ. ಮನೆಯ ಸಾಮಾನಿನಲ್ಲಿ ಅತ್ತಿಗೆ ಹೇಳಿಕಳಿಸಿದ್ದನ್ನೆಲ್ಲ ಗಾಡಿಗೇರಿಸಿಕೊಂಡು, "ಏನಾದ್ರೂ ಬೇಕಾದ್ರೆ ಫೋನ್ ಮಾಡೇ" ಎಂದು ಹೇಳಿ ತನ್ನೂರಿಗೆ ಹೋದ. ಬೇಕಾಗಿರುವುದೇನು ಎಂಬುದು ಅವಳಿಗೇ ಹೊಳೆಯದ ಕಾರಣ ಅವಳು ಫೋನ್ ಮಾಡಲಿಲ್ಲ.

ಆಮೇಲೆ ಆಫೀಸಿಗೆ ಹತ್ತಿರವಾಗುವಂತೆ ಒಂದು ಮಹಡಿ ಮನೆ ಹಿಡಿದಳು. ಒಂದು ಕೋಣೆ, ಒಂದು ಅಡುಗೆಮನೆ, ರಸ್ತೆಗೆ ತೆರೆಯುವ ಒಂದು ಕಿಟಕಿ. ಕೆಳಗೆ ಮನೆಯೊಡತಿ ಒಬ್ಬಳೇ ಇದ್ದಳು. ಮಂಡಿನೋವಿನ, ಗಟ್ಟಿ ಗಂಟಲಿನ ಮುದುಕಿ. ತಿಂಗಳಿಗೊಮ್ಮೆ ಬಾಡಿಗೆ ಕೊಡುವಾಗ ಎರಡು ಮಾತು, ನಲ್ಲಿ ಸೋರಿದರೆ ಇನ್ನೆರಡು ಮಾತು, ಅಷ್ಟೇ. ಶುಕ್ರವಾರ ಸಂಜೆ ಆಫೀಸಿನವರಿಗೆ "ಬರ್ತೀನಿ" ಎಂದು ಹೇಳಿ ಹೊರಟರೆ ತಾರೀಖಕ್ಕನ ಬಾಯಿಂದ ಮುಂದಿನ ಮಾತು ಹೊರಡುತ್ತಿದ್ದುದು ಸೋಮವಾರ ಬೆಳಿಗ್ಗೆಯೇ. ಒಮ್ಮೆ ಹಾಗೆ ಸೋಮವಾರ ಯಾರಿಗೋ ಉತ್ತರ ಕೊಡಲು ಹೋಗಿ ಸ್ವರವೇ ಹೊರಡದೆ ಗೊಗ್ಗರಾಗಿ, "ಅಕ್ಕಂಗೆ ನೆಗಡಿ" ಎಂದು ಎಲ್ಲರೂ ಅಂದುಕೊಂಡಿದ್ದರು. ಅಂದಿನಿಂದ ಸೋಮವಾರಗಳಂದು ಆಫೀಸಿನ ಮೆಟ್ಟಿಲು ಹತ್ತುವಾಗಲೇ ಒಂದೆರಡು ಸಲ ಕೆಮ್ಮಿ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು.

ಆ ವರ್ಷ ಕಂಪನಿಗೆ ನಗರಸಭೆಯ ಕೆಲಸ ಸಿಕ್ಕಿತ್ತು. ಊರಿನ ಜನನ ಮರಣಗಳ ದಾಖಲೆಯನ್ನೆಲ್ಲ ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ತುಂಬಬೇಕು, ಜನ ಮನೆಯಲ್ಲೇ ಕುಳಿತು ಪ್ರಮಾಣಪತ್ರ ತೆಗೆದುಕೊಳ್ಳುವಂತಾಗಬೇಕು. ಕೆಲಸ ಮುಗಿಯಿತು, ಎಲ್ಲರೂ ಕೇಕ್ ತಿಂದರು, ಫೋಟೋ ತೆಗೆಸಿಕೊಂಡರು. ಹದಿನೈದು ದಿನ ಕಳೆಯುವ ಮುಂಚೆ ನಗರಸಭೆಯಿಂದ ಮ್ಯಾನೇಜರಿಗೆ ಫೋನ್ ಬಂತು: ಒಬ್ಬ ಮುದುಕ ದಿನಾ ಬೆಳಿಗ್ಗೆ ಕೌಂಟರಿನ ಮುಂದೆ ಬಂದು ನಿಲ್ಲುತ್ತಾನೆ, ಹೆಂಡತಿ ಸತ್ತ ತಾರೀಖು ತಪ್ಪಾಗಿದೆ ಅನ್ನುತ್ತಾನೆ, ಎಷ್ಟು ಹೇಳಿದರೂ ಜಗ್ಗುವುದಿಲ್ಲ.

"ವಯಸ್ಸಾದವರು, ದುಃಖದಲ್ಲಿದ್ದಾರೆ, ಒಂದು ದಿನ ಹಿಂದೆ ಮುಂದೆ ಆಗಿರುತ್ತೆ ಮನಸ್ಸಲ್ಲಿ" ಎಂದ ಮ್ಯಾನೇಜರ್. ಆಮೇಲೆ ಸ್ವಲ್ಪ ಯೋಚಿಸಿ, "ಆದ್ರೂ ತಾರೀಖಕ್ಕಾ, ನೀವೊಂದ್ಸಲ ಮಾತಾಡಿಬಿಡಿ. ತಾರೀಖಿನ ವಿಷಯ ನೋಡಿ, ನಿಮಗೇ ಗಂಟುಬಿತ್ತು" ಎಂದು ನಕ್ಕ.

ಅವಳು ಫೋನ್ ಮಾಡಿದಳು. ಮುದುಕ ನಿವೃತ್ತ ಲಿಫ್ಟ್ ಮೆಕ್ಯಾನಿಕ್. ಅರ್ಧ ಊರಿನ ಕಟ್ಟಡಗಳ ಲಿಫ್ಟುಗಳಿಗೆ ಎಣ್ಣೆ ಬಿಟ್ಟ ಕೈ ತನ್ನದು ಎಂದು ತಾನೇ ಹೇಳಿಕೊಂಡ. ಹೆಂಡತಿಯ ಸಮಾಧಿಗೆ ಕಲ್ಲು ಮಾಡಿಸಿದ್ದಾನೆ. ಸ್ಮಶಾನದ ಕಚೇರಿಯವರು ಪ್ರಮಾಣಪತ್ರದಲ್ಲಿ ಇರುವ ತಾರೀಖನ್ನೇ ಕೆತ್ತಬೇಕು ಅನ್ನುತ್ತಾರೆ. ಪತ್ರದಲ್ಲಿರುವುದು ಒಂದು ದಿನ ಮುಂಚಿನ ತಾರೀಖು.

"ಯಜಮಾನ್ರೇ, ನಿಮಗೆ ಖಾತ್ರಿ ಇದೆಯಾ?" ಎಂದು ಅವಳು ಮೆಲ್ಲಗೆ ಕೇಳಿದಳು.

"ನೀವು ಬರೆದಿರೋ ದಿನ ಸಾಯಂಕಾಲ ನಾನು ಅವಳ ಉಗುರು ಕತ್ತರಿಸಿದೆ ಕಣಮ್ಮಾ" ಎಂದ ಮುದುಕ. "ಆಸ್ಪತ್ರೆ ಮಂಚದ ಮೇಲೆ ಕೂರಿಸಿ, ತೊಡೆ ಮೇಲೆ ಟವೆಲ್ ಹಾಸಿಕೊಂಡು. ನನ್ನದು ನಟ್ಟು ಬೋಲ್ಟು ಬಿಚ್ಚೋ ಕೈ. ಕಿರುಬೆರಳ ಹತ್ತಿರ ಚರ್ಮ ತಗುಲಿ ಒಂದು ಹನಿ ರಕ್ತ ಬಂತು. ಏನು ಬೈದಳು ಅಂತೀರಿ! ಜೀವಮಾನ ಪೂರ್ತಿ ಲಿಫ್ಟ್ ರಿಪೇರಿ ಮಾಡಿದ್ದೀರಿ, ಒಂದು ಉಗುರು ತೆಗೆಯೋಕೆ ಬರಲ್ವಾ ಅಂತ. ಪಕ್ಕದ ಮಂಚದವರೂ ನಕ್ಕರು. ಸತ್ತವಳು ಬೈತಾಳೇನಮ್ಮಾ?"

ತಾರೀಖಕ್ಕ ಪೆನ್ನು ಎತ್ತಿಕೊಂಡು ಆ ದಿನವನ್ನು ಬರೆದುಕೊಂಡಳು.

"ಮಾರನೇ ದಿನ ಬೆಳಗಿನ ಜಾವ ಹೋದಳು. ಕೈ ನನ್ನ ಕೈಯಲ್ಲೇ ಇತ್ತು. ಎದುರು ಗೋಡೇಲಿ ಗಡಿಯಾರ ಇತ್ತು. ನಾನು ತಪ್ಪು ಹೇಳ್ತಿಲ್ಲ. ಇದ್ದ ದಿನಾನೇ ಇಲ್ಲ ಅಂದುಬಿಟ್ರೆ ಹೇಗಮ್ಮಾ? ನಮಗೆ ಸಿಕ್ಕಿದ್ದೇ ಅಷ್ಟು."

ಬೆಳಗಿನ ಜಾವ ಎಂಬ ಮಾತು ಕಿವಿಗೆ ಬಿದ್ದೊಡನೆ ತಾರೀಖಕ್ಕನಿಗೆ ವಿಷಯ ಹೊಳೆಯಿತು. ಫೋನ್ ಇಟ್ಟವಳೇ ದಾಖಲೆ ತೆಗೆದು ನೋಡಿದಳು. ಒಳಗಿದ್ದ ಅಂಕಿ ಸರಿಯಾಗಿಯೇ ಇತ್ತು, ಒಂದು ಸೆಕೆಂಡೂ ಆಚೀಚೆ ಇಲ್ಲ. ತಪ್ಪಿದ್ದದ್ದು ಅದನ್ನು ತಾರೀಖಾಗಿ ಬಿಡಿಸುವಲ್ಲಿ. ಸೆಕೆಂಡುಗಳ ಲೆಕ್ಕ ಲೋಕಕ್ಕೆಲ್ಲ ಒಂದೇ. ಆದರೆ ಅದು ಯಾವ ದಿನ, ಎಷ್ಟು ಗಂಟೆ ಎಂದು ಹೇಳಬೇಕಾದರೆ ಯಾವ ಊರಿನ ಗಡಿಯಾರದಲ್ಲಿ ಎಂದು ಕೇಳಲೇಬೇಕು. ಇವರ ಪ್ರೋಗ್ರಾಮ್ ಆ ಪ್ರಶ್ನೆಯನ್ನು ತಾನು ಓಡುತ್ತಿರುವ ಯಂತ್ರವನ್ನೇ ಕೇಳುತ್ತಿತ್ತು. ಆಫೀಸಿನ ಯಂತ್ರಗಳಲ್ಲಿ ಊರಿನ ವೇಳೆ ಇತ್ತು, ಹಾಗಾಗಿ ಪರೀಕ್ಷೆ ಮಾಡಿದಾಗೆಲ್ಲ ಸರಿ ಬಂದಿತ್ತು. ನಗರಸಭೆಗೆಂದು ತಂದ ಹೊಸ ಸರ್ವರಿನಲ್ಲಿ ಇದ್ದುದು ಊರಿನ ವೇಳೆಯಲ್ಲ, ಎಲ್ಲ ದೇಶಗಳಿಗೂ ಸಾಮಾನ್ಯವಾದ ವೇಳೆ. ಅದು ಇಲ್ಲಿಯದಕ್ಕಿಂತ ಕೆಲವು ಗಂಟೆ ಹಿಂದೆ. ಹಗಲು ಹೊತ್ತು ಹುಟ್ಟಿದವರಿಗೂ ಸತ್ತವರಿಗೂ ತಾರೀಖು ಕೆಡಲಿಲ್ಲ. ನಡುರಾತ್ರಿ ಕಳೆದು ಬೆಳಕು ಹರಿಯುವ ಮೊದಲು ಬಂದವರು, ಹೋದವರು ಎಲ್ಲರೂ ಹಿಂದಿನ ದಿನಕ್ಕೆ ಜಾರಿಬಿದ್ದಿದ್ದರು.

"ಇಷ್ಟೇನಾ? ಅಷ್ಟು ಗಂಟೆ ಕೂಡಿಸಿಬಿಡಿ, ಮುಗೀತು" ಎಂದ ಪಕ್ಕದ ಮೇಜಿನ ಹುಡುಗಿಯ ಮಾತಿಗೆ ತಾರೀಖಕ್ಕ ಅಡ್ಡಡ್ಡ ತಲೆಯಾಡಿಸಿದಳು.

"ಹಾಗೆಲ್ಲ ಕೂಡಿಸೋಕಾಗಲ್ಲ ಕಣೇ. ನಾವ್ಯಾರೂ ಹುಟ್ಟೋಕೆ ಮುಂಚೆ, ಮಹಾಯುದ್ಧದ ಕಾಲದಲ್ಲಿ ಕೆಲವು ವರ್ಷ ಸರ್ಕಾರದವರು ಎಲ್ಲರ ಗಡಿಯಾರ ಒಂದು ಗಂಟೆ ಮುಂದಕ್ಕೆ ತಿರುಗಿಸಿದ್ರು. ನಮ್ಮಜ್ಜಿ ಮಾತ್ರ ತಿರುಗಿಸಲಿಲ್ಲವಂತೆ, ಸೂರ್ಯ ನನ್ನ ಮಾತು ಕೇಳ್ತಾನೆ, ನಿಮ್ಮ ಸರ್ಕಾರದ್ದಲ್ಲ ಅಂತಿದ್ಲಂತೆ. ಆಗ ಹುಟ್ಟಿದೋರ ದಾಖಲೇನೂ ಇದ್ರಲ್ಲಿದೆ, ಅದೂ ನೋಡ್ಬೇಕು. ಒಬ್ಬರನ್ನ ಸರಿ ಮಾಡೋಕೆ ಹೋಗಿ ಇನ್ನೊಬ್ಬರನ್ನ ಕೆಡಿಸಬಾರದು."

ಯಾವ ವರ್ಷ ಯಾವ ದಿನ ಗಡಿಯಾರ ಬದಲಾಯಿತು ಎಂಬುದೆಲ್ಲ ಇರುವ ಕೋಷ್ಟಕವನ್ನು ಪ್ರೋಗ್ರಾಮಿಗೆ ಜೋಡಿಸಿ, ಯಂತ್ರವನ್ನು ಕೇಳುವ ಬದಲು ಊರಿನ ವೇಳೆಯನ್ನು ತಾನೇ ಸ್ಪಷ್ಟವಾಗಿ ಬರೆದಳು. ವಾರ ಹಿಡಿಯಿತು. ಮುದುಕನ ಹೆಂಡತಿಯ ತಾರೀಖು ಒಂದು ದಿನ ಮುಂದಕ್ಕೆ ಬಂದು ಕುಳಿತಾಗ, ಪರದೆಯ ಮೇಲೆ ಆ ಒಂದು ಸಾಲನ್ನು ಸ್ವಲ್ಪ ಹೊತ್ತು ಸುಮ್ಮನೆ ನೋಡಿದಳು. ಆಮೇಲೆ ತಾನೇ ಫೋನ್ ಮಾಡಿ ತಿಳಿಸಿದಳು.

ಮುದುಕ ಆ ತಾರೀಖನ್ನು ಇನ್ನೊಮ್ಮೆ ಹೇಳಿಸಿಕೊಂಡ. "ಒಂದು ದಿನ ವಾಪಸ್ ಕೊಟ್ರಿ ತಾಯೀ. ಮನೆಗೆ ಬನ್ನಿ, ಊಟ ಮಾಡಿ ಅನ್ನಬೇಕು. ಆದ್ರೆ ನಾನು ಮಾಡಿದ್ದು ನೀವು ತಿಂದ್ರೆ ಕೊಟ್ಟಿದ್ದನ್ನ ವಾಪಸ್ ತಗೊಂಡುಬಿಡ್ತೀರಿ."

ಅವಳು ನಕ್ಕಳು. ಎಷ್ಟೋ ದಿನದ ಮೇಲೆ ಬಂದ ನಗು; ಅವಳ ಕಿವಿಗೇ ಬೇರೆ ಯಾರದೋ ಅನ್ನಿಸಿತು.

"ನಿಮ್ಮನೇಲಿ ಯಾರ್ಯಾರಿದ್ದೀರಮ್ಮಾ?" ಎಂದು ಕೇಳಿದ ಮುದುಕ.

"ಎಲ್ಲಾ ಇದ್ದಾರೆ" ಎಂದುಬಿಟ್ಟಳು ತಾರೀಖಕ್ಕ. ಯಾಕೆ ಹಾಗಂದಳೋ. ಬಾಯಿ ತಾನಾಗಿ ಅಂದುಬಿಟ್ಟಿತ್ತು.

"ಒಳ್ಳೇದು, ಒಳ್ಳೇದು. ಚೆನ್ನಾಗಿರಿ" ಎಂದು ಮುದುಕ ಫೋನ್ ಇಟ್ಟ.

ಉಳಿದದ್ದು ಎಲ್ಲವೂ ಸರಿಯಾಗಿದೆಯೇ ಎಂದು ಇನ್ನೊಂದು ಸಲ ನೋಡುವ ಕೆಲಸ. ಸಾವಿನ ದಾಖಲೆಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿದಳು, ಹಳೆಯದು ಮೇಲೆ. ಮೊದಲ ಪುಟ ನೋಡಿ ಹುಬ್ಬು ಗಂಟಾಯಿತು. ಅಲ್ಲಿದ್ದವರೆಲ್ಲ ಒಂದೇ ದಿನ, ಒಂದೇ ಗಳಿಗೆಗೆ ಸತ್ತಿದ್ದರು: ಎಪ್ಪತ್ತನೇ ಇಸವಿಯ ಜನವರಿ ಒಂದು. ಅವರಲ್ಲಿ ಕೆಲವರು ಹುಟ್ಟಿದ್ದೇ ಅದರ ಎಷ್ಟೋ ವರ್ಷ ಆಮೇಲೆ.

ಕಾರಣ ತಿಳಿಯಲು ಅವಳಿಗೆ ಹೊತ್ತು ಹಿಡಿಯಲಿಲ್ಲ. ಹಳೆಯ ಯಂತ್ರದಲ್ಲಿ ವೇಳೆ ಬರೆಯುವ ಜಾಗವನ್ನು ಖಾಲಿ ಬಿಟ್ಟರೆ ಅದು ಸೊನ್ನೆ ಎಂದು ಉಳಿಯುತ್ತಿತ್ತು. ಸೊನ್ನೆ ಸೆಕೆಂಡು ಎಂದರೆ ಲೆಕ್ಕ ಶುರುವಾದ ಗಳಿಗೆ. ಪ್ರೋಗ್ರಾಮ್ ಅದನ್ನೂ ನಿಷ್ಠೆಯಿಂದ ತಾರೀಖು ಮಾಡಿಕೊಟ್ಟಿತ್ತು. ಯಾಕೆ ಖಾಲಿ ಬಿಟ್ಟಿದ್ದಾರೆ ಎಂದು ಕೇಳಲು ನಗರಸಭೆಯ ಗುಮಾಸ್ತನಿಗೆ ಫೋನ್ ಮಾಡಿದಳು.

"ಅವಾ?" ಎಂದ ಗುಮಾಸ್ತ, ಬಾಯಲ್ಲಿ ಏನನ್ನೋ ಅಗಿಯುತ್ತಲೇ. "ಅವೆಲ್ಲ ಆಮೇಲೆ ಸಿಕ್ಕಿದವು ಮೇಡಂ. ಒಬ್ಬಂಟಿಯಾಗಿದ್ದೋರು. ಬಾಗಿಲು ಒಡೆದು ನೋಡೋ ಹೊತ್ತಿಗೆ ಎಷ್ಟು ದಿನ ಆಗಿತ್ತೋ. ಡಾಕ್ಟ್ರು ಅಂದಾಜು ಅಂತ ಬರೀತಾರೆ, ಯಾವ ದಿನ ಅಂತ ಹೇಳೋಕೆ ಯಾರಿದ್ರು ಜೊತೇಲಿ? ಅದಕ್ಕೇ ಖಾಲಿ ಬಿಡ್ತಿದ್ವಿ. ನೀವು 'ತಿಳಿದಿಲ್ಲ' ಅಂತ ಹಾಕಿಬಿಡಿ."

ಅದೇನು ದೊಡ್ಡ ಕೆಲಸವಲ್ಲ. ಸೊನ್ನೆ ಕಂಡಲ್ಲಿ ತಾರೀಖು ಮಾಡಬೇಡ, 'ತಿಳಿದಿಲ್ಲ' ಎಂದು ತೋರಿಸು ಎಂಬ ಒಂದು ಸಾಲು. ಬರೆಯುವ ಮುಂಚೆ ಅವಳು ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದಳು. ಕಾವಲುಗಾರ. ನಿವೃತ್ತ ಉಪಾಧ್ಯಾಯಿನಿ. ಅಡುಗೆಯವನು. ಪಿಯಾನೋ ಕಲಿಸುವವನು. ವಿಳಾಸದ ಅಂಕಣದಲ್ಲಿ ಬೀದಿಗಳ ಹೆಸರು, ಮನೆ ನಂಬರು. ಕೆಳಗೆ ಬರುತ್ತಾ ಬರುತ್ತಾ ಒಂದು ಕಡೆ ಅವಳ ಕಣ್ಣು ನಿಂತುಬಿಟ್ಟಿತು. ಟೈಲರ್, ಹೆಂಗಸು. ಬೀದಿ ಅವಳದೇ ಬೀದಿ. ನಂಬರು ಅವಳದೇ ನಂಬರು. ಕೊನೆಯಲ್ಲಿ 'ಮಹಡಿ' ಎಂದು ಬರೆದಿತ್ತು. ದಾಖಲೆ ಸೇರಿಸಿದ್ದು ಅವಳು ಆ ಮನೆಗೆ ಬರುವುದಕ್ಕೆ ಕೆಲವು ತಿಂಗಳು ಮುಂಚೆ.

ವಿಳಾಸವನ್ನು ಇನ್ನೊಮ್ಮೆ ಓದಿದಳು. ಹೆದರಿಕೆಯೇನೂ ಆಗಲಿಲ್ಲ. ಭೂತ ಪ್ರೇತ ಎಂದರೆ ನಂಬುವವಳಲ್ಲ ಅವಳು. ತಾನು ಮಲಗುವ ಮೂಲೆ, ತಾನು ಬಟ್ಟೆ ನೇತುಹಾಕುವ ಗೂಟ, ಪರದೆ ಹಾಕಿದರೆ ಮಧ್ಯಾಹ್ನವೂ ಮಬ್ಬಾಗುವ ಆ ಕೋಣೆ ಕಣ್ಣ ಮುಂದೆ ಬಂತು. ಅಲ್ಲೇ ಒಬ್ಬಳು ಇದ್ದಳು, ಅಲ್ಲೇ ಹೋದಳು, ಅವಳಿಗೊಂದು ತಾರೀಖೂ ಇಲ್ಲ. ಲಿಫ್ಟ್ ಮೆಕ್ಯಾನಿಕ್ ಒಂದು ದಿನಕ್ಕಾಗಿ ಕೌಂಟರಿನ ಮುಂದೆ ನಿತ್ಯ ನಿಂತು ಜಗಳವಾಡಿದ. ಈ ಪುಟದವರಿಗೆ ಐವತ್ತು ವರ್ಷ ತಪ್ಪಿದ್ದರೂ ಯಾರೂ ಬಂದು ಕೇಳಿರಲಿಲ್ಲ.

ಆ ಸಂಜೆ ಮೆಟ್ಟಿಲು ಹತ್ತದೆ ಮನೆಯೊಡತಿಯ ಬಾಗಿಲು ತಟ್ಟಿದಳು.

"ಏನು, ನಲ್ಲೀನಾ?" ಎಂದಳು ಮುದುಕಿ.

"ಅಲ್ಲಮ್ಮಾ. ಮೇಲೆ ನನಗಿಂತ ಮುಂಚೆ ಒಬ್ಬ ಟೈಲರ್ ಇದ್ರಾ?"

ಮುದುಕಿ ಅವಳ ಮುಖವನ್ನೇ ನೋಡಿದಳು. ಬಾಗಿಲು ಪೂರ್ತಿ ತೆರೆದು, "ಒಳಗೆ ಬಾ" ಎಂದಳು. ಅವಳಿಗೆ ಕುರ್ಚಿ ತೋರಿಸಿ ತಾನೂ ಕುಳಿತಳು.

"ಯಾರು ಹೇಳಿದ್ರು ನಿನಗೆ?"

"ಯಾರೂ ಹೇಳಲಿಲ್ಲ. ಕೆಲಸದಲ್ಲಿ ಕಣ್ಣಿಗೆ ಬಿತ್ತು."

"ಹೇಳಿದ್ರೆ ನೀನು ಬರ್ತಿದ್ಯಾ? ಯಾರು ಬರ್ತಿದ್ರು?" ಮುದುಕಿಯ ಗಟ್ಟಿ ಗಂಟಲು ಇಳಿದಿತ್ತು. "ಒಳ್ಳೆ ಹೆಂಗಸು. ನನ್ನ ರವಿಕೆ ಎಲ್ಲಾ ಅವಳದೇ ಕೈ. ಮೇಲೆ ಮಷೀನ್ ಸದ್ದು ಕೇಳ್ತಾ ಇರ್ತಿತ್ತು, ನನಗೂ ಯಾರೋ ಇದ್ದಾರೆ ಅಂತಿತ್ತು. ಒಂದು ದಿನ ಕೇಳಲಿಲ್ಲ. ಅಕ್ಕನ ಮನೆಗೆ ಹೋಗಿರ್ತಾಳೆ ಅಂದ್ಕೊಂಡೆ. ಮಾರನೇ ದಿನಾನೂ ಇಲ್ಲ. ಈ ಮಂಡಿ ನೋಡು, ಮೆಟ್ಟಿಲು ಹತ್ತೋದು ಅಂದ್ರೆ ಬೆಟ್ಟ. ಬರ್ತಾಳೆ ಬಿಡು, ಬರ್ತಾಳೆ ಬಿಡು ಅಂತ ಇದ್ದುಬಿಟ್ಟೆ. ಹೊಲಿಯೋಕೆ ಕೊಟ್ಟೋರು ಬಂದು ಬಾಗಿಲು ಬಡಿದ್ರು ನೋಡು, ಆಗ..." ಮುದುಕಿ ಸೆರಗಿನಿಂದ ಮೂಗೊರೆಸಿಕೊಂಡಳು.

"ಮಷೀನ್ ಸದ್ದು ನಿಂತಿದ್ದು ಯಾವ ದಿನ, ನೆನಪಿದೆಯಾ?"

"ಮಂಗಳವಾರ ಕೇಳಿದ್ದೆ. ಯಾವ ಮಂಗಳವಾರ ಅಂದ್ರೆ ಎಲ್ಲಿಂದ ತರಲಿ? ಚಳಿ ಇತ್ತು."

ಮರುದಿನ ತಾರೀಖಕ್ಕ ಗುಮಾಸ್ತನಿಗೆ ಮತ್ತೆ ಫೋನ್ ಮಾಡಿದಳು. ಒಂದು ಮಂಗಳವಾರ, ಚಳಿಗಾಲ, ಇಷ್ಟು ತಿಳಿದರೆ ಏನಾದರೂ ಬರೆಯಬಹುದೇ ಎಂದು ಕೇಳಿದಳು. ಆಗುವುದಿಲ್ಲ ಎಂದ ಅವನು. ಈ ಸಲ ಅಗಿಯುವುದನ್ನು ನಿಲ್ಲಿಸಿ ಮೆತ್ತಗೇ ಹೇಳಿದ. ಅವಳೂ ವಾದ ಮಾಡಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಬರೆದರೆ ಅದೂ ಸೊನ್ನೆಯ ತಾರೀಖಿನಂಥದೇ ಸುಳ್ಳು. ಆ ಒಂದು ಸಾಲು ಬರೆದಳು. ಪುಟದಲ್ಲಿದ್ದ ಜನವರಿ ಒಂದುಗಳೆಲ್ಲ ಅಳಿಸಿಹೋಗಿ, ಮೇಲಿಂದ ಕೆಳಗಿನವರೆಗೆ 'ತಿಳಿದಿಲ್ಲ' ಎಂದು ಬಂತು.

ಮನೆಗೆ ಹೋಗುವ ದಾರಿಯಲ್ಲಿ ಬೀಗದ ಅಂಗಡಿಯವನ ಹತ್ತಿರ ನಿಂತು ಬಾಗಿಲಿಗೆ ಇನ್ನೊಂದು ಕೀಲಿಕೈ ಮಾಡಿಸಿದಳು. ಅದನ್ನು ಒಯ್ದು ಮನೆಯೊಡತಿಯ ಕೈಗಿಟ್ಟಳು.

"ಇದೇನು?"

"ಮೇಲಿನದು. ಬೆಳಿಗ್ಗೆ ಎದ್ದ ತಕ್ಷಣ ನಾನು ಕಿಟಕಿ ಪರದೆ ಸರಿಸ್ತೀನಿ. ಹೊತ್ತು ಏರಿದ್ರೂ ಪರದೆ ಹಾಗೇ ಇದ್ರೆ..." ಕೀಲಿಕೈಯತ್ತ ಬೆರಳು ತೋರಿಸಿದಳು.

ಮುದುಕಿ ಕೀಲಿಕೈಯನ್ನು ಅಂಗೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದಳು. "ನನಗೆ ದಿನಾ ಅಂಗಳಕ್ಕೆ ಬಂದು ಕತ್ತೆತ್ತಿ ನಿನ್ನ ಕಿಟಕಿ ನೋಡೋ ಕೆಲಸ ಹಚ್ಚಿದ್ಯಾ? ಬಾಡಿಗೇಲಿ ಇದೆಲ್ಲ ಸೇರಿರಲಿಲ್ಲ" ಎಂದಳು. ಎಂದವಳೇ ಕೀಲಿಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಎರಡು ಮೂರು ವಾರ ಏನೂ ಆಗಲಿಲ್ಲ. ತಾರೀಖಕ್ಕ ದಿನವೂ ಎದ್ದು ಪರದೆ ಸರಿಸುವಾಗ ಕೆಳಗೆ ಮುದುಕಿ ಗಿಡಗಳಿಗೆ ನೀರು ಹಾಕುತ್ತಾ ಮೇಲೆ ನೋಡದವಳ ಹಾಗೆ ನೋಡಿ ಒಳಗೆ ಹೋಗುತ್ತಿದ್ದಳು. ಆಮೇಲೊಂದು ಶನಿವಾರ ರಾತ್ರಿ ತಾರೀಖಕ್ಕನಿಗೆ ಮೈ ಕಾದಿತ್ತು. ಮಾತ್ರೆ ನುಂಗಿ ಮಲಗಿದವಳಿಗೆ ಭಾನುವಾರ ಬೆಳಗಾದದ್ದೇ ತಿಳಿಯಲಿಲ್ಲ. ಯಾರೋ ಭುಜ ಹಿಡಿದು ಅಲುಗಿಸಿದಂತಾಗಿ ಕಣ್ಣು ಬಿಟ್ಟಳು. ಎದುರಿಗೆ ಮನೆಯೊಡತಿ, ಕೂದಲು ಕೆದರಿದೆ, ಏದುಸಿರು.

"ಇದ್ದೀಯಾ?" ಎಂದಳು ಮುದುಕಿ.

"ಇದ್ದೀನಿ" ಎಂದಳು ತಾರೀಖಕ್ಕ, ಗೊಗ್ಗರು ದನಿಯಲ್ಲಿ.

"ಹಾಳಾದವಳೇ!" ಮುದುಕಿ ಮಂಚದ ತುದಿಯಲ್ಲಿ ಕುಸಿದು ಕುಳಿತಳು. "ಒಂದೊಂದು ಮೆಟ್ಟಿಲಿಗೂ ನನ್ನ ಪ್ರಾಣ ಹೋಗ್ತಿತ್ತು. ಜ್ವರ ಬಂದ್ರೆ ಹೇಳೋಕೆ ಬಾಯಿಲ್ವಾ? ಕೂಗಿದ್ರೆ ಕೇಳಿಸ್ತಿರಲಿಲ್ವಾ? ನಾನೇನು ಕಿವುಡೀನಾ?" ಬೈಯುತ್ತಲೇ ಹಣೆ ಮುಟ್ಟಿ ನೋಡಿದಳು, ಬೈಯುತ್ತಲೇ ಹೊದಿಕೆ ಸರಿಪಡಿಸಿದಳು. ತಾರೀಖಕ್ಕ ಕಣ್ಣು ಮುಚ್ಚಿ ಬೈಗುಳ ಕೇಳಿಸಿಕೊಂಡಳು. ತಾಯಿ ಹೋದ ಮೇಲೆ ಅವಳನ್ನು ಯಾರೂ ಬೈದಿರಲಿಲ್ಲ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ದಿಂಬಿಗೆ ಸೇರಿತು. ಮುದುಕಿ ಅದನ್ನು ಜ್ವರದ ಲೆಕ್ಕಕ್ಕೆ ಹಾಕಿಕೊಂಡಳು.

ಮುಂದಿನ ಭಾನುವಾರ ಜ್ವರ ಇರಲಿಲ್ಲ. ಅವಳು ಬೇಗನೆ ಎದ್ದು ಮುಖ ತೊಳೆದಳು. ಕಿಟಕಿಯ ಹತ್ತಿರ ಹೋಗಿ ಪರದೆಗೆ ಕೈಯಿಟ್ಟವಳು ಸರಿಸದೆ ಹಾಗೆಯೇ ಬಿಟ್ಟು, ಮಂಚದ ಮೇಲೆ ಬಂದು ಕುಳಿತಳು. ಬಿಸಿಲು ಪರದೆಯ ಅಂಚಿನಿಂದ ಒಳಗೆ ಬರುತ್ತಿತ್ತು. ಕೆಳಗೆ ನೀರಿನ ಸದ್ದು ನಿಂತಿತು. ಆಮೇಲೆ ಮೊದಲ ಮೆಟ್ಟಿಲ ಮೇಲೆ ಭಾರವಾದ ಒಂದು ಹೆಜ್ಜೆ, ಒಂದು ನರಳಾಟ, ಮತ್ತೊಂದು ಹೆಜ್ಜೆ.

ತಾರೀಖಕ್ಕ ದಡಬಡಿಸಿ ಎದ್ದು ಬಾಗಿಲು ತೆಗೆದಳು. "ಬೇಡಿ, ಹತ್ತಬೇಡಿ! ನಾನೇ ಕೆಳಗೆ ಬರ್ತೀನಿ" ಎಂದು ಕೂಗಿದಳು.